ವಾಪಸ್ ಕೊಟ್ಟ ಓಲೆ

ಷಡಕ್ಷರಿ ಚಿನ್ನದ ಓಲೆಯ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟಾಗ ಮೈಯೆಲ್ಲ ಉರಿದುಹೋಯಿತು.

"ದುಡ್ಡು ಎಲ್ಲಿಂದ ಬಂತು?"

"ಆ್ಯಪ್‌ನಲ್ಲಿ ತಗೊಂಡೆ ಮೇಡಂ. ಭಾನುವಾರ ನಿಮ್ಮನೆಗೆ ಹೆಣ್ಣು ಕೇಳೋಕೆ ಬರ್ತಿದೀನಲ್ಲ. ಬರಿಗೈಲಿ ಹೆಂಗ್ ಬರ್ಲಿ?"

ಸಾಲದಲ್ಲಿ ಮುಳುಗಿದವರಿಗೆ ದಾರಿ ತೋರಿಸುವುದು ಶಿರಾ ಗೇಟ್‌ನ ಈ ಮಹಡಿ ಆಫೀಸಿನಲ್ಲಿ ನನ್ನ ಕೆಲಸ. ಗುಬ್ಬಿಯವನಾದ ಇವನು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ತಂಗಿಯ ಮದುವೆಗೆಂದು ಆ್ಯಪ್, ಕಾರ್ಡು ಸೇರಿ ಆರು ಸಾಲ ಮಾಡಿಕೊಂಡು ಹತ್ತು ತಿಂಗಳ ಹಿಂದೆ ಬಂದಿದ್ದ. ಬ್ಯಾಂಕಿನಲ್ಲಿ ಒಂದೇ ಸಾಲ ಮಾಡಿಸಿಕೊಟ್ಟು, ಆ ದುಡ್ಡಿನಲ್ಲಿ ಆರನ್ನೂ ತೀರಿಸುವಂತೆ ಮಾಡಿದೆ. ಹೊಸ ಸಾಲ ಮಾಡಬಾರದು ಎಂಬುದೊಂದೇ ಷರತ್ತು.

ಪ್ರತಿ ಐದನೇ ತಾರೀಕು ಕಂತಿನ ರಸೀದಿ ತೋರಿಸಲು ಖುದ್ದಾಗಿ ಬರುತ್ತಿದ್ದ. ಮೆಸೇಜ್ ಹಾಕಿದ್ದರೆ ಸಾಕಿತ್ತು. ನಾನೂ ಹಾಗೆ ಹೇಳಲಿಲ್ಲ. ಐದನೇ ತಾರೀಕು ಒಳ್ಳೆಯ ಸೀರೆಯನ್ನೇ ಉಡುತ್ತಿದ್ದೆ. ಹೋದ ಸಲ ಬಂದಾಗ ಮದುವೆಯ ಮಾತೆತ್ತಿದ; ಭಾನುವಾರ ಮನೆಗೆ ಬಂದು ಅಪ್ಪನನ್ನೇ ಕೇಳಿ ಅಂದಿದ್ದೆ.

"ನಿಂಗೆ ಬುದ್ಧಿ ಇದೆಯಾ? ಅಪ್ಪನ ಮುಂದೆ ಬರಿಗೈಲಿ ಬರೋಕೆ ನಾಚಿಕೆ. ನಂಗೆ ಕೊಟ್ಟ ಮಾತು ಮುರಿಯೋಕೆ ನಾಚಿಕೆ ಇಲ್ವಾ?"

ತಲೆ ತಗ್ಗಿಸಿಕೊಂಡೇ ಕಳ್ಳನಗೆ ನಕ್ಕ. "ಮೊದಲ್ನೇ ಸಲ 'ನಿಂಗೆ' ಅಂದ್ರಿ."

"ನಗಬೇಡ. ಯಾವಾಗ ತಗೊಂಡಿದ್ದು?"

"ಮೊನ್ನೆ."

ಮೂರು ದಿನದೊಳಗೆ ವಾಪಸ್ ಕಟ್ಟಿದರೆ ಸಾಲ ರದ್ದು ಎಂದು ಆ ಆ್ಯಪ್‌ನ ಕರಾರಿನಲ್ಲೇ ಇತ್ತು. ಮಹಾರಾಯ ಓದದೆ ಒಪ್ಪಿಗೆ ಒತ್ತಿದ್ದ. ಇವತ್ತೇ ಕೊನೆಯ ದಿನ. ಅವನನ್ನು ಎಳೆದುಕೊಂಡೇ ಚಿನ್ನದಂಗಡಿಗೆ ಹೋದೆ. ಓಲೆ ವಾಪಸ್ ತಗೊಂಡು, ಮಜೂರಿಯೆಂದು ಎರಡು ಸಾವಿರ ಮುರಿದುಕೊಂಡರು. ಅವನು ನನ್ನ ಮುಖ ನೋಡಿದ.

"ನನ್ನ ನೋಡ್ಬೇಡ. ನಾನು ಕೊಟ್ರೆ ಅದೂ ಸಾಲವೇ."

ಭಾನುವಾರಕ್ಕೆ ಹೊಸ ಶರ್ಟು ಪ್ಯಾಂಟು ಕೊಳ್ಳಲು ಎತ್ತಿಟ್ಟಿದ್ದ ಓವರ್‌ಟೈಮ್ ದುಡ್ಡು ಸೇರಿಸಿ ಆ್ಯಪ್‌ನ ಸಾಲ ಪೂರ್ತಿ ಕಟ್ಟಿದ. ನಾನು ಅವನನ್ನು ಅಲ್ಲೇ ಬಿಟ್ಟು ಆಟೊ ಹತ್ತಿದೆ. ಇಂಥವನು ಬಂದರೆಷ್ಟು, ಬಿಟ್ಟರೆಷ್ಟು ಅಂದುಕೊಂಡೆ. ಅದು ಸುಳ್ಳು. ಭಾನುವಾರ ಕುಣಿಗಲ್‌ನ ನಮ್ಮ ಮನೆಯಲ್ಲಿ ಬೆಳಗಿನಿಂದ ಬಾಗಿಲನ್ನೇ ನೋಡುತ್ತಿದ್ದೆ.

ಹಳೇ ನೀಲಿ ಶರ್ಟಿನಲ್ಲಿ, ಎಲೆ ಅಡಿಕೆ ಬಾಳೆಹಣ್ಣು ಹಿಡಿದು ಬಂದ. ಎಲ್ಲವನ್ನೂ ತಟ್ಟೆಯಲ್ಲಿಟ್ಟು ಅಪ್ಪನ ಮುಂದೆ ಕೂತ.

"ನಂಗೆ ಸಾಲ ಐತೆ ಯಜಮಾನ್ರೆ. ಇನ್ನೂ ಇಪ್ಪತ್ತಾರು ಕಂತು ಕಟ್ಬೇಕು. ಮೊನ್ನೆ ಇನ್ನೊಂದು ಮಾಡಿ ನಿಮ್ಮ ಮಗಳ ಕೈಲಿ ಬೈಸ್ಕೊಂಡು ತೀರಿಸ್ದೆ. ಇದೆಲ್ಲ ಗೊತ್ತಿದ್ದು ಕೊಡೋದಾದ್ರೆ ಕೊಡಿ."

ಅಪ್ಪ ನನ್ನ ಕಡೆ ತಿರುಗಿದರು. "ಏನಮ್ಮಾ ಸಂಧ್ಯಾ?"

ಕೋಪ ಇನ್ನೂ ಆರಿರಲಿಲ್ಲ. "ಬೇಡ ಅನ್ಬೇಕು ಅಂತಲೇ ಇದೀನಿ ಅಪ್ಪ, ಬಾಯಿ ಬರ್ತಿಲ್ಲ. ಆದ್ರೆ ಮದ್ವೆಗೆ ಅಂತ ಇವನಾಗ್ಲಿ ನೀವಾಗ್ಲಿ ಒಂದು ರೂಪಾಯಿ ಸಾಲ ಮಾಡಿದ್ರೆ ಹಸೆಯಿಂದ ಎದ್ದು ಹೋಗ್ತೀನಿ."

ಅಪ್ಪ ಅಮ್ಮನನ್ನು ಕರೆದು, ಆ ತಟ್ಟೆ ಒಳಗೆ ತಗೊಂಡು ಹೋಗು ಅಂದರು.