ಹುಲುಗೇಶನ ಮನೆಯವರು

"ಇವತ್ತೊಂದಿನ ಆ ಹುಡುಗನ ಹೆಸರು ಈ ಮನ್ಯಾಗ ಯಾರೂ ಎತ್ತಬಾರದು! ಅವರು ಕೇಳಿದ್ರ ನನಗ ತಮ್ಮ ಇಲ್ಲ ಅಂದುಬಿಡು, ಗೀತಾ... ಹಂಗಂದ್ರ ನಿನ್ನ ಗಂಟೇನು ಹೋಗತೈತಿ?"

ಹೋಳಿಗೆಗೆ ಹೂರಣ ರುಬ್ಬುತ್ತಿದ್ದ ಗೀತಾಂಜಲಿಯ ಕೈ ಅಲ್ಲೇ ನಿಂತಿತು. ಬಾಗಿಲಿಗೆ ಅಡ್ಡವಾಗಿ ಅತ್ತೆ ನೀಲಗಂಗಮ್ಮ ನಿಂತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು.

ಭಾನುವಾರ ಬಂತೆಂದರೆ ಹಗರಿಬೊಮ್ಮನಹಳ್ಳಿಯ ಆ ಮನೆಯವರು ತಮ್ಮ ಸೈಕಲ್ ಅಂಗಡಿಗೆ ಬೀಗ ಹಾಕಿ ತಂಬ್ರಹಳ್ಳಿ ರಸ್ತೆಯ ವಿಶೇಷ ಮಕ್ಕಳ ವಸತಿ ಶಾಲೆಗೆ ಹೊರಡುತ್ತಿದ್ದರು. ಮಾವ ಉಜ್ಜಿನಪ್ಪ ಗಾಲಿಕುರ್ಚಿಗಳ ಚಕ್ರ ಬಿಚ್ಚಿ ಗ್ರೀಸು ಹಚ್ಚುವನು. ಗಂಡ ಗುರುಶಾಂತ ಮಕ್ಕಳ ಉಗುರು ತೆಗೆದು, ಗೆಜ್ಜೆ ಕಟ್ಟಿದ ಚೆಂಡು ಹಿಡಿದು ಅವರೊಂದಿಗೆ ಆಟಕ್ಕಿಳಿಯುವನು. ನಾದಿನಿ ಸಮತಾ ಹಾಡು ಹೇಳಿಕೊಡುವಳು. ಕೈ ಸ್ವಾಧೀನವಿಲ್ಲದ ಮಕ್ಕಳಿಗೆ ಉಣಿಸುವುದು ಗೀತಾಂಜಲಿಯ ಪಾಲಿನ ಕೆಲಸ. ಅವಳ ತಮ್ಮ ಹುಲುಗೇಶನೂ ಆ ಶಾಲೆಯಲ್ಲೇ ಇದ್ದ. ಹುಟ್ಟಿನಿಂದಲೇ ಬುದ್ಧಿ ಮಂದ, ಮಾತು ತೊದಲು. ತಾಯಿ ತೀರಿಕೊಂಡ ಮೇಲೆ ಅವನನ್ನು ಎತ್ತಿ ಬೆಳೆಸಿದವಳೇ ಗೀತಾಂಜಲಿ. ಹೆಣ್ಣು ನೋಡಲು ಬಂದ ದಿನವೇ ಅವಳು ಗುರುಶಾಂತನಿಗೆ ಇದನ್ನೆಲ್ಲ ನೇರವಾಗಿ ಹೇಳಿದ್ದಳು. ಅವನು, "ನಿನ್ನ ತಮ್ಮ ನನಗೂ ತಮ್ಮ" ಎಂದಿದ್ದ, ಅಂದಂತೆಯೇ ನಡೆದುಕೊಂಡಿದ್ದ. ನೀಲಗಂಗಮ್ಮ ಮಾತ್ರ ಒಮ್ಮೆಯೂ ಆ ಶಾಲೆಯ ಗೇಟು ದಾಟಿದವಳಲ್ಲ. "ನನ್ನ ಕೈಲೆ ನೋಡಾಕ ಆಗೂದಿಲ್ಲ" ಎಂದು ತಪ್ಪಿಸಿಕೊಳ್ಳುತ್ತಿದ್ದಳು.

ಇಂದು ಸಮತಾಳನ್ನು ನೋಡಲು ಕೊಟ್ಟೂರಿನವರು ಬರುವವರಿದ್ದರು. ವರ ಗುರುಬಸವರಾಜ ಕಾಲೇಜಿನಲ್ಲಿ ಪಾಠ ಹೇಳುವವನು. ಆದರೆ ಆ ಮನೆಯಲ್ಲಿ ನಡೆಯುವುದು ಅವನ ದೊಡ್ಡಮ್ಮ ದಾಕ್ಷಾಯಣಮ್ಮನ ಮಾತು. ಈ ಮನೆಯವರು ವಾರವಾರವೂ ಎಲ್ಲಿಗೆ ಹೋಗುತ್ತಾರೆಂಬ ಸುದ್ದಿಯನ್ನು ಆಕೆಯ ಕಿವಿಗೆ ಯಾರೋ ಮುಟ್ಟಿಸಿಯಾಗಿತ್ತು!

ಗೀತಾಂಜಲಿ ಕೈ ತೊಳೆದು ಅತ್ತೆಯ ಎದುರಿಗೆ ಬಂದು ನಿಂತಳು.

"ಅತ್ತಿ, ಇವತ್ತು ಶಾಲಿಗೆ ಹೋಗಬ್ಯಾಡ ಅಂದ್ರಿ, ಬಿಟ್ಟೆ. ಸಮತಾನ ಬಾಳು ನನಗೂ ದೊಡ್ಡದು. ಅವರು ಕೇಳದಿದ್ರ ನಾನಾಗೇ ಬಾಯಿ ಬಿಡೂದಿಲ್ಲ. ಆದ್ರ ಕೇಳಿದ್ರ ಮಾತ್ರ ಇಲ್ಲ ಅನ್ನೂದು ನನ್ನ ಕೈಲೆ ಆಗೂದಿಲ್ಲ. ಜೀವಂತ ಇರೋ ತಮ್ಮನ್ನ ಹೆಂಗ ಇಲ್ಲ ಅನ್ನಲಿ?"

"ಬಸರಿ ಹೆಂಗಸು ಅಂಥಾ ಮಕ್ಕಳ ಮಾರಿ ನೋಡಬಾರದು ಅಂತ ಬಡಕೊಂಡೆ... ಕೇಳಿದೇನು ನೀ? ನಾಳೆ ನಿನ್ನ ಹೊಟ್ಟ್ಯಾಗ ಎಂಥದ್ದು ಹುಟ್ಟತೈತೋ!"

ಗೀತಾಂಜಲಿಯ ಅಂಗೈ ತಾನಾಗಿಯೇ ಹೊಟ್ಟೆಯ ಮೇಲೆ ಹೋಯಿತು. ಒಳಗೆ ಕೂಸು ಮೆಲ್ಲಗೆ ಮಿಸುಕಿತು. ಅತ್ತೆಯ ಆ ಮಾತು ಎದೆಯನ್ನು ಇರಿದರೂ ಅವಳು ಅಳಲಿಲ್ಲ. ಮರಳಿ ಹೂರಣದ ಮುಂದೆ ಕುಳಿತಳು.

ಬೀಗರಾಗಬೇಕಾದವರು ಬಂದರು. ಸಮತಾ ತಟ್ಟೆ ಹಿಡಿದು ಬಂದಳು, ಕುಳಿತಳು, ಕೇಳಿದ್ದಕ್ಕೆಲ್ಲ ನಗುನಗುತ್ತಲೇ ಉತ್ತರ ಕೊಟ್ಟಳು. ದಾಕ್ಷಾಯಣಮ್ಮನ ಮುಖವೂ ಸಡಿಲವಾಯಿತು.

"ಹುಡುಗಿ ಲಕ್ಷಣ ಅದಾಳ. ಊಟ ಮಾಡಿಕೊಂಡೇ ಹೋಗೂಣಂತ. ಆದ್ರ ಒಂದು ಮಾತು... ನೀವು ವಾರವಾರ ಆ ಶಾಲಿಗೆ ಹೋಗ್ತೀರಂತ. ನಿಮ್ಮವರು ಯಾರರ ಅದಾರೇನ್ರಿ ಅಲ್ಲಿ?"

"ಯಾರೂ ಇಲ್ಲರಿ!" ನೀಲಗಂಗಮ್ಮ ಮಾತು ಮುಗಿಯುವ ಮೊದಲೇ ಹೇಳಿಬಿಟ್ಟಳು. "ಸುಮ್ನ ಪುಣ್ಯ ಬರಲಿ ಅಂತ..."

ದಾಕ್ಷಾಯಣಮ್ಮನ ಕಣ್ಣು ಅಡುಗೆಮನೆಯ ಬಾಗಿಲತ್ತ ಹೊರಳಿತು. "ಹೌದೇನವ್ವ ಸೊಸಿ?"

ಗೀತಾಂಜಲಿ ಸೆರಗು ಸರಿಪಡಿಸಿಕೊಂಡು ನಡುಮನೆಗೆ ಬಂದಳು. ಗುರುಶಾಂತ ಎದ್ದು ಅವಳ ಮಗ್ಗುಲಿಗೆ ನಿಂತ.

"ಅದಾನ್ರಿ. ನನ್ನ ಒಡಹುಟ್ಟಿದ ತಮ್ಮ, ಹುಲುಗೇಶ ಅಂತ. ಬುದ್ಧಿ ಸ್ವಲ್ಪ ಕಮ್ಮಿ, ಮನಸು ಚಲೋ ಐತಿ. ಅತ್ತಿ ಹಂಗ ಅಂದದ್ದು ಮಗಳ ಮ್ಯಾಲಿನ ಆಸಿಗೆ. ಅವರನ್ನ ತಪ್ಪು ತಿಳಕೋಬ್ಯಾಡ್ರಿ."

ದಾಕ್ಷಾಯಣಮ್ಮ ದಡಕ್ಕನೆ ಎದ್ದಳು.

"ಮುಚ್ಚಿಟ್ಟು ಹೆಣ್ಣು ಕೊಡಾಕ ಹೊಂಟಿದ್ರೇನು? ಮೊದಲು ಈಕಿ ಹೊಟ್ಟ್ಯಾಗ ಎಂಥದ್ದು ಹುಟ್ಟತೈತೋ ಅದನ್ನ ನೋಡಕೋರಿ! ಏಳೋ ಗುರುಬಸವ..."

ವರ ತಲೆ ಎತ್ತಲಿಲ್ಲ. ದೊಡ್ಡಮ್ಮನ ಹಿಂದೆಯೇ ಚಪ್ಪಲಿ ಮೆಟ್ಟಿ ನಡೆದುಬಿಟ್ಟ.

ಸಮತಾ ಓಡಿಬಂದು ಅತ್ತಿಗೆಯನ್ನು ತಬ್ಬಿಕೊಂಡಳು. "ತಲಿ ಎತ್ತದ ಗಂಡು ನನಗ ಯಾಕ ಬೇಕು ಅತ್ತಿಗಿ? ಹೋದ್ರ ಹೋಗಲಿ!" ಎಂದಳೇನೋ ನಿಜ, ಆದರೆ ಅವಳ ಕಣ್ಣು ತುಂಬಿ ಬಂದಿತ್ತು. ಗೀತಾಂಜಲಿ ಅವಳ ಬೆನ್ನು ಸವರುತ್ತ ಅತ್ತೆಯ ಕಡೆ ನೋಡಿದಳು. ಇನ್ನು ಬೈಗುಳ ಶುರುವಾಗುತ್ತದೆ, ತವರಿಗೆ ನಡಿ ಎನ್ನುತ್ತಾಳೆ... ಅನ್ನಲಿ. ತಾನು ಅಂದದ್ದರಲ್ಲಿ ಒಂದಕ್ಷರವನ್ನೂ ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ ಎಂದು ಗೀತಾಂಜಲಿ ಮನಸ್ಸು ಗಟ್ಟಿ ಮಾಡಿಕೊಂಡಳು.

ನೀಲಗಂಗಮ್ಮ ಹೋಳಿಗೆ ಬುಟ್ಟಿಯ ಮುಂದೆ ಕುಸಿದು ಕುಳಿತಿದ್ದಳು.

"ಗೀತಾ... ಆಕಿ ನನ್ನ ಮೊಮ್ಮಗೂಗೆ ಏನಂದ್ಲು, ಕೇಳಿದೇನು?"

"ಕೇಳಿದೆ ಅತ್ತಿ."

"ಮುಂಜಾನಿ ನಾನೂ ಅದನ್ನ ಅಂದಿದ್ನಲ್ಲ... ಮಂದಿ ಬಾಯಿಂದ ಕೇಳಿದಾಗ ಕರುಳು ಕತ್ತರಿಸಿದಂಗಾತು. ನಾ ಅಂದಾಗ ನಿನಗ ಹೆಂಗಾಗಿತ್ತೋ ಯವ್ವಾ!" ಎಂದವಳೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕತೊಡಗಿದಳು.

ಗೀತಾಂಜಲಿ ಪಕ್ಕದಲ್ಲಿ ಕುಳಿತು ಅತ್ತೆಯ ಕೈ ತೆಗೆದು ತನ್ನ ಹೊಟ್ಟೆಯ ಮೇಲಿಟ್ಟಳು. ಕೊನೆಗೆ ನೀಲಗಂಗಮ್ಮ ಕಣ್ಣೊರೆಸಿಕೊಂಡು ಎದ್ದಳು.

"ಹೋಳಿಗಿ ಆರಿ ಹೋಗ್ತಾವ. ಗುರುಶಾಂತ, ಆಟೋ ತರಸು. ಎಲ್ಲಾ ಶಾಲಿಗೆ ಒಯ್ಯೂಣು. ನಾನೂ ಬರ್ತೀನಿ."

ಶಾಲೆಯ ಗೇಟಿನ ಬಳಿ ಅವಳ ಹೆಜ್ಜೆ ತಡವರಿಸಿತು. ಅಷ್ಟರಲ್ಲಿ ಅಕ್ಕನನ್ನು ಕಂಡ ಹುಲುಗೇಶ ಚಪ್ಪಾಳೆ ತಟ್ಟುತ್ತ ಓಡಿಬಂದ. ನೀಲಗಂಗಮ್ಮನ ಕೈಯೊಳಗಿನ ಭಾರದ ಬುಟ್ಟಿಯನ್ನು ತಾನೇ ಇಸಿದುಕೊಂಡು, "ಬಾ... ಬಾ" ಎಂದು ಮುಂದೆ ನಡೆದ. ಶಿಕ್ಷಕಿ ಸಂಘಮಿತ್ರಾ ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಕೈಕಾಲು ಸೆಟೆದ ಪುಟ್ಟ ಗಿಡ್ಡಮ್ಮ ನೀಲಗಂಗಮ್ಮನ ಪಾಲಿಗೆ ಬಂದಳು. ಹಾಲಿನಲ್ಲಿ ಕಿವುಚಿದ ಹೋಳಿಗೆಯನ್ನು ನೀಲಗಂಗಮ್ಮ ಬೇಗಬೇಗನೆ ಬಾಯಿಗಿಟ್ಟಳು. ಮಗು ಕೆಮ್ಮಿತು. ಅವಳು ಹೌಹಾರಿದಳು!

"ಅವಸರ ಬ್ಯಾಡ್ರಿ ಅತ್ತಿ," ಗೀತಾಂಜಲಿ ಮಗುವಿನ ತಲೆಗೆ ಆಸರೆ ಕೊಟ್ಟು ಹೇಳಿದಳು. "ಸಣ್ಣ ತುತ್ತು ಇಡ್ರಿ. ನುಂಗಿದ ಮ್ಯಾಲ ತಾನಾಗೇ ನಿಮ್ಮ ಮಾರಿ ನೋಡ್ತಾಳ. ಆಗ ಇನ್ನೊಂದು ಕೊಡ್ರಿ."

ನೀಲಗಂಗಮ್ಮ ಕಾದಳು. ಮಗು ನುಂಗಿತು. ಕತ್ತು ಹೊರಳಿಸಿ ಅವಳನ್ನೇ ನೋಡಿ, ಬಾಯಿ ತುಂಬ ನಕ್ಕಿತು.

ಆಗಲೇ ಫೋನು ಬಂತು. ಸಮತಾ ಅದನ್ನು ತಾಯಿಯ ಕಿವಿಗೆ ಹಿಡಿದಳು. ದಾಕ್ಷಾಯಣಮ್ಮನ ದನಿ ಪಕ್ಕದವರಿಗೂ ಕೇಳುವಷ್ಟು ಜೋರಾಗಿತ್ತು. ಹುಡುಗನಿಗೆ ಹುಡುಗಿ ಒಪ್ಪಿಗೆಯಾಗಿದ್ದಾಳಂತೆ. ಇನ್ನು ಮುಂದೆ ಆ ಶಾಲೆಗೆ ಹೋಗುವುದನ್ನು ಬಿಡಬೇಕು, ಸೊಸೆಯ ತಮ್ಮ ಮದುವೆಗೆ ಬರಬಾರದು. ಇಷ್ಟಕ್ಕೆ ಒಪ್ಪಿದರೆ ಮುಂದಿನ ಮಾತು!

ಗೀತಾಂಜಲಿ ಅತ್ತೆಯ ಮುಖ ನೋಡಿದಳು. ನೀಲಗಂಗಮ್ಮ ಮಗಳನ್ನು ನೋಡಿದಳು. ಸಮತಾ ಬೇಡವೆಂದು ತಲೆಯಾಡಿಸಿದಳು.

"ನೋಡ್ರಿ," ನೀಲಗಂಗಮ್ಮನ ದನಿ ಸ್ಥಿರವಾಗಿತ್ತು, "ಕೂಸಿಗೆ ಉಣಸಾಕತ್ತೀನಿ, ಭಾಳ ಮಾತಾಡಾಕ ಪುರಸೊತ್ತಿಲ್ಲ. ನನ್ನ ಮಗಳ ಮದುವಿ ಯಾವಾಗಾದ್ರೂ ಆಗಲಿ, ಹುಲುಗೇಶ ಚಪ್ಪರದಾಗ ನಮ್ಮ ಜೋಡಿ ಮುಂದ ಕುಂದರತಾನ. ಅದು ಸೇರದವರ ಮನಿಗೆ ನಾ ಹೆಣ್ಣು ಕೊಡೂದಿಲ್ಲ. ಇಡ್ರಿ ಫೋನು."

ಉಜ್ಜಿನಪ್ಪ ಗಾಲಿಕುರ್ಚಿಯ ಪಕ್ಕದಲ್ಲಿ ಕುಳಿತೇ ಗಟ್ಟಿಯಾಗಿ ನಕ್ಕುಬಿಟ್ಟ. ಸಮತಾ ಫೋನನ್ನು ಬದಿಗಿಟ್ಟು, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಮಕ್ಕಳ ಸಾಲಿನಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಅತ್ತಿಗಿ, ಮುಂಜಾನಿಂದ ನನ್ನ ಹೊಟ್ಟಿಗೆ ಏನೂ ಬಿದ್ದಿಲ್ಲ ನೋಡು!"

ಗೀತಾಂಜಲಿ ತಟ್ಟೆಗೆ ಹೋಳಿಗೆ ಹಾಕಿದಳು. ಹುಲುಗೇಶ ಅದರ ಮೇಲೆ ಧಾರಾಳವಾಗಿ ತುಪ್ಪ ಸುರಿದ. ಇನ್ನು ಯಾರಿಗೂ ಒಪ್ಪಿಗೆಯಾಗಬೇಕಿಲ್ಲದ ಸಮತಾ ಅಂದು ಹೊಟ್ಟೆ ತುಂಬ ಉಂಡಳು.