ಸ್ವಲ್ಪ ಜರುಗು, ಪುಟ್ಟಯ್ಯ

"ಎದ್ದೇಳೋ, ಎಂಟನೇ ಕ್ಲಾಸು! ಸೂಪರ್‌ವೈಸರ್ ನಿಂತಿರೋದು ಕಾಣಲ್ವಾ?" ಏರ್‌ಪೋರ್ಟ್ ಸ್ಟಾಫ್ ಬಸ್ಸಿನ ತುಂಬ ಕೇಳುವಂತೆ ಕೂಗಿ ಸೂಪರ್‌ವೈಸರ್ ಗೌರೀಶ್, ಎಂಟಕ್ಕೇ ಓದು ಬಿಟ್ಟ ನನ್ನ ಸೀಟು ಕಿತ್ತುಕೊಂಡ. ಹಿಂದಿನವರು ನಕ್ಕರು.

ಪಕ್ಕದ, ನಾವ್ಯಾರೂ ಕೂರದೆ ಖಾಲಿ ಬಿಡುವ ಕಿಟಕಿ ಸೀಟಿನಲ್ಲೇ, ದಿನಾ ತಲೆಗೆ ಹರಳೆಣ್ಣೆ ಬಳಿದುಕೊಳ್ಳುತ್ತಿದ್ದ ಲೋಡರ್ ಪುಟ್ಟಯ್ಯ ಹೋದ ವರ್ಷ ನಿದ್ದೆಯಲ್ಲಿ ತೀರಿಕೊಂಡಿದ್ದು. ಅದರ ಪಕ್ಕ ಕೂರುವ ಮುಂಚೆ ಅವನ ಏರಿಯಾದ ನಾವು ಶ್ರೀರಾಂಪುರದವರು "ಸ್ವಲ್ಪ ಜರುಗು, ಪುಟ್ಟಯ್ಯ" ಅನ್ನುತ್ತೇವೆ. ಗೌರೀಶನಿಗೂ ಇದನ್ನು ಹೇಳಬಹುದಿತ್ತು. ಹೇಳಲಿಲ್ಲ.

ಮಟಮಟ ಮಧ್ಯಾಹ್ನ ಆ ಕಿಟಕಿಗೆ ಮಾತ್ರ ಉಸಿರಿನ ಮಂಜು ಕಟ್ಟಿತು. ಇಳಿಯುವಾಗ ಗೌರೀಶನ ಭುಜದ ಮೇಲೆ ತಲೆಯಷ್ಟಗಲ ಎಣ್ಣೆ ಕಲೆ.

ಮೂರು ದಿನದ ನಂತರ ಮಲ್ಲೇಶ್ವರದ ಸ್ಟಾಪಿನಲ್ಲಿ ಅವನು ನನ್ನ ಕೈ ಹಿಡಿದ. ಹೊಸ ಶರ್ಟು, ಅದೇ ಕಲೆ, ಜಗ್ಗಿದ ಭುಜ.

"ಮನೇಲೂ ಯಾರೋ ಒರಗ್ಕೊಂಡೇ ಇರ್ತಾರೆ ಮಗಾ. ನೀವೆಲ್ಲ ಕೂರೋಕ್ ಮುಂಚೆ ಏನೋ ಅಂತೀರಲ್ಲ, ಏನದು?"

ನಾನು ಕೈ ಬಿಡಿಸಿಕೊಂಡು ಬಸ್ಸಿನ ಕಡೆ ನಡೆದೆ.