ಆಗಸ್ಟ್ ತಿಂಗಳ ಹಿಮ

"ಆಗಸ್ಟಲ್ಲಿ ನೂರ ಎಂಬತ್ತೆರಡು ಸೆಂಟಿಮೀಟರ್ ಹಿಮವಾ? ಏನ್ ನಡೀತಿದೆ ಸ್ವಾಮಿ ಅಲ್ಲಿ?"

"ಅದು ಹಿಮ ಅಲ್ಲ ಮೇಡಂ, ನಾನು. ಕಂಬದ ಕೆಳಗೆ ಹುಲ್ಲು ಕೊಯ್ತಾ ಇದ್ದೀನಿ."

ಲಡೀನಾ ಮತ್ತು ಕುರ್ದಿನ್ ಆಡಿದ ಮೊದಲ ಮಾತು ಇದು. ಅವಳು ಸಮೇದಾನ್ ಊರಿನ ಕಚೇರಿಯಲ್ಲಿ ಕೂತು, ಆಲ್ಪ್ಸ್ ಬೆಟ್ಟಗಳಿಂದ ಅರ್ಧ ಗಂಟೆಗೊಮ್ಮೆ ಬರುವ ಹಿಮದ ಅಳತೆಗಳಲ್ಲಿ ತಪ್ಪು ಹೆಕ್ಕಿ ಅಳಿಸುವವಳು. ಅವನು ಅಳತೆಯ ಕಂಬಗಳನ್ನು ನೋಡಿಕೊಳ್ಳುವವನು. ಕಂಬದ ತುದಿಯ ಸೆನ್ಸರ್ ಕಿವಿಗೆ ಕೇಳದ ಸದ್ದನ್ನು ಕೆಳಗೆ ಬಿಟ್ಟು, ಅದು ಮರಳುವ ಹೊತ್ತಿನಿಂದ ಹಿಮ ಎಷ್ಟಿದೆಯೆಂದು ಹೇಳುತ್ತದೆ. ಅಡಿಯಲ್ಲಿ ಮನುಷ್ಯ ನಿಂತರೆ ಅವನನ್ನೂ ಹಿಮವೆಂದೇ ಅಳೆಯುತ್ತದೆ, ಪಾಪ.

ಆಮೇಲೆ ಅದೇ ಆಟವಾಯಿತು. ಬೆಟ್ಟ ಹತ್ತಿದಾಗಲೆಲ್ಲ ಅವನು ಕಂಬದಡಿ ನಿಲ್ಲುತ್ತಿದ್ದ, ಅಂಕಿ ಕಂಡ ಕೂಡಲೇ ಅವಳು ಫೋನ್ ಮಾಡುತ್ತಿದ್ದಳು.

"ಇವತ್ತು ನೂರ ಎಂಬತ್ತಾರು. ಬೆಳೆದುಬಿಟ್ಯಾ?"

"ಹೊಸ ಟೋಪಿ ಕಣೆ. ತೆಗೀಲಾ?"

"ಬೇಡ, ಬಿಸಿಲಿದೆ. ಹಾಕ್ಕೊಂಡಿರು."

ಅಷ್ಟು ಹೇಳುವಾಗಲೇ ಅವಳ ಕೆನ್ನೆ ಕೆಂಪಾಗುತ್ತಿತ್ತು. ಪ್ರೀತಿ ಇಬ್ಬರಿಗೂ ಇತ್ತು, ಬಾಯಿಬಿಟ್ಟು ಹೇಳಲು ಮಾತ್ರ ಇಬ್ಬರಿಗೂ ಸಂಕೋಚ.

ಎರಡನೇ ಬೇಸಿಗೆಯ ಕೊನೆಗೆ ನೂರ ಎಂಬತ್ತೆರಡು ಬರುವುದು ನಿಂತೇಹೋಯಿತು. ಆ ಕಂಬಕ್ಕೆ ಬೇರೆ ಯಾರೋ ಹೋಗತೊಡಗಿದರು. ಬಿಗುಮಾನದ ಹುಡುಗಿ, ತಾನಾಗಿ ಕೇಳಲಿಲ್ಲ. ಊಟ ಸೇರದೆ, ನಿದ್ದೆ ಹತ್ತದೆ ಚಳಿಗಾಲ ಕಳೆದಳು.

ಮರುವರ್ಷ ಕುರ್ದಿನ್ ಕೆಲಸ ಬಿಟ್ಟು, ಬೀಗದಕೈ ಒಪ್ಪಿಸಲು ಕಚೇರಿಗೆ ಬಂದ. ಕೈಯಲ್ಲಿ ಆಕ್ರೋಟಿನ ಕೇಕು, ಬೆರಳಲ್ಲಿ ಮದುವೆಯ ಉಂಗುರ.

"ಶನಿವಾರ ಮದ್ವೆ ಆಯ್ತು," ಎಂದು ಕೇಕನ್ನು ಮೇಜಿನ ಮೇಲಿಟ್ಟ. ಆಮೇಲೆ ತಡೆಯಲಾರದೆ ಕೇಳಿದ. "ಆವತ್ತು ನೂರ ಮೂವತ್ತೊಂದು ನೋಡಿದ್ಯಲ್ಲ. ಇಷ್ಟ ಇಲ್ಲ ಅಂತಾದ್ರೂ ಹೇಳ್ಬಹುದಿತ್ತು."

"ನೂರ ಮೂವತ್ತೊಂದಾ?"

"ಮಂಡಿಯೂರಿದ್ದೆ ಲಡೀನಾ. ಉಂಗುರ ಹಿಡ್ಕೊಂಡು. ಹನ್ನೆರಡರ ಅಳತೆ ತಪ್ಪಬಾರದು ಅಂತ ಕಾಲು ಗಂಟೆ ಅಲ್ಲಾಡ್ಲಿಲ್ಲ. ನಿನ್ನ ಫೋನ್ ಬರತ್ತೆ ಅಂತ ಸಂಜೆವರೆಗೂ ಕಾದೆ."

ಅವಳಿಗೆ ನೆನಪಾಯಿತು.

"ಹಸು ಅಂದ್ಕೊಂಡೆ ಕಣೋ. ಆ ಬೇಸಿಗೆಯೆಲ್ಲ ಮೇಯೋ ಹಸುಗಳು ಕಂಬದಡಿ ಬಂದು ನಿಲ್ತಿದ್ವಲ್ಲ... ಅಳಿಸಿಬಿಟ್ಟೆ."

ಅವನು ನಗಲು ಹೋದ, ಆಗಲಿಲ್ಲ. "ಗೊತ್ತಾಗಿದ್ದಿದ್ರೆ ಏನಂತಿದ್ದೆ?"

"ಫೋನಲ್ಲಿ ಹೇಳ್ತಿರ್ಲಿಲ್ಲ. ಬೆಟ್ಟ ಹತ್ಕೊಂಡು ಬಂದುಬಿಡ್ತಿದ್ದೆ." ಲಡೀನಾ ಕಣ್ಣೊರೆಸಿಕೊಂಡಳು. "ಹೊರಡು ಮಾರಾಯ, ಹೆಂಡ್ತಿ ಕಾಯ್ತಿರ್ತಾಳೆ."

ಅವನು ಹೋದ ಮೇಲೆ ಹಳೆಯ ದಾಖಲೆ ತೆರೆದು, ಅಳಿಸಿದ್ದ ಅಂಕಿಯನ್ನು ಮತ್ತೆ ತುಂಬಿದಳು. ತಿಳಿದೂ ತಿಳಿದೂ ಅವಳು ಉಳಿಸಿದ ತಪ್ಪು ಅದೊಂದೇ. ಇವತ್ತಿಗೂ ಅದು ಹಾಗೇ ಇದೆ: ಆಗಸ್ಟ್ ಇಪ್ಪತ್ತನಾಲ್ಕು, ಮಧ್ಯಾಹ್ನ ಹನ್ನೆರಡು ಗಂಟೆ, ಹಿಮ ನೂರ ಮೂವತ್ತೊಂದು ಸೆಂಟಿಮೀಟರ್.